ಮೆಟ್ಟಿಲ ಕೆಳಗಿನ ಐವರು

ಜನವರಿ ೨೦, ಸೋಮವಾರ

ಅಮ್ಮ ಇದ್ದಾಗ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅರ್ಧ ದಿನದ ಕಥೆ ಹೇಳಿ ಮುಗಿಸಿರುತ್ತಿದ್ದೆ. ಅವಳು ತರಕಾರಿ ಹೆಚ್ಚುತ್ತ ಹ್ಞೂಂ ಅನ್ನುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ, ನಾನು ಹೇಳಿದ್ದಂತೂ ಆಗುತ್ತಿತ್ತು. ಅಕ್ಟೋಬರಿನಿಂದ ಅದಿಲ್ಲ. ಬೀಗ ತೆಗೆದು ಒಳಗೆ ಬಂದರೆ ಫ್ರಿಜ್ಜು ಗುರ್ ಅನ್ನುವುದೊಂದೇ ಸದ್ದು. ಹೇಳಬೇಕಾದ್ದನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೇ ಬರೆಯುವುದು.

ಬರೆಯಲು ಕೂತರೆ ಹೇಳುವಂಥದ್ದೇನೂ ಇಲ್ಲ. ಇವತ್ತು ಆಫೀಸಿನಲ್ಲಿ ಬಾಯಿ ಬಿಟ್ಟದ್ದು ಎರಡೋ ಮೂರೋ ಸಲ. ಹಳೇ ಸಿನಿಮಾ ಹಾಕುವ ಚಾನೆಲ್ಲು ನಮ್ಮದು, ಕತ್ತಲೆ ಕೋಣೆಯಲ್ಲಿ ಎರಡು ಪರದೆಗಳ ಮುಂದೆ ನನ್ನ ಕೆಲಸ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಮ್ಮಿ ಚೌಕ. ಈಗಿನ ಟೀವಿ ಅಡ್ಡಕ್ಕೆ ಅಗಲ. ಇದ್ದ ಹಾಗೇ ಹಾಕಿದರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿಯುತ್ತದೆ. ಆಗ ಜನ ಫೋನ್ ಮಾಡಿ, ನಮ್ಮ ಟೀವಿ ಕೆಟ್ಟಿದೆಯಾ ಅಂತ ಕೇಳುತ್ತಾರೆ. ಅದಕ್ಕೆ ಚಿತ್ರವನ್ನು ಪರದೆಯ ಅಗಲಕ್ಕೆ ದೊಡ್ಡದು ಮಾಡಿ, ಎತ್ತರದಲ್ಲಿ ಮಿಕ್ಕದ್ದನ್ನು ಕತ್ತರಿಸಬೇಕು. ಪ್ರತಿ ದೃಶ್ಯದಲ್ಲೂ ಕಾಲು ಭಾಗ ಹೋಗುತ್ತದೆ. ಹೋಗುವುದು ಮೇಲಿನದೋ ಕೆಳಗಿನದೋ ಅಂತ ತೀರ್ಮಾನಿಸುವವಳು ನಾನು. ತಲೆ ಉಳಿಸಿದರೆ ಕಾಲು ಹೋಯಿತು. ನಾನು ಯಾವಾಗಲೂ ತಲೆ ಉಳಿಸುತ್ತೇನೆ.

ಜನವರಿ ೨೩, ಗುರುವಾರ

ಮನೆಯ ಟೀವಿ ಇನ್ನೂ ಅಮ್ಮ ಬಿಟ್ಟುಹೋದ ಹಾಗೇ ಇತ್ತು. ಕಪ್ಪು ಪಟ್ಟಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಇಷ್ಟಗಲ ಟೀವಿ ತಂದು ಇಷ್ಟೇ ಇಷ್ಟು ನೋಡೋದಾ ಅಂತ ಗೊಣಗಿ, ರಿಮೋಟಿನ ಯಾವುದೋ ಗುಂಡಿ ಒತ್ತಿ ಚಿತ್ರವನ್ನು ಎರಡೂ ಕಡೆಗೆ ಎಳೆದುಬಿಡುತ್ತಿದ್ದಳು. ಬಡಕಲು ನಾಯಕನೂ ಈಗಷ್ಟೇ ಹೊಟ್ಟೆ ತುಂಬ ಉಂಡವನ ಹಾಗೆ ಕಾಣುತ್ತಿದ್ದ. ಹುಣ್ಣಿಮೆಯ ಚಂದ್ರ ಮೊಟ್ಟೆಯಾಗುತ್ತಿದ್ದ. ಅಮ್ಮ, ಎಲ್ಲರೂ ದಪ್ಪಗಾಗಿದ್ದಾರೆ ಅಂದರೆ, "ಆಗ್ಲಿ ಬಿಡೇ, ಪಾಪ, ಆ ಕಾಲದಲ್ಲಿ ತಿನ್ನೋಕೆ ಏನಿತ್ತು" ಅನ್ನುತ್ತಿದ್ದಳು. ದಿನವಿಡೀ ಚೌಕಟ್ಟು ನೋಡುವ ನನಗೆ ಮೈ ಉರಿಯುತ್ತಿತ್ತು. ಇದೇ ವಿಷಯಕ್ಕೆ ಮಾತು ಬಿಟ್ಟದ್ದೂ ಉಂಟು, ಒಂದು ಊಟದಿಂದ ಮುಂದಿನ ಊಟದವರೆಗೆ.

ಇವತ್ತು ಸರಿಮಾಡಿದೆ. ಚಂದ್ರ ದುಂಡಗಾದ. ಹತ್ತು ನಿಮಿಷ ನೋಡಿ ಆರಿಸಿದೆ.

ಫೆಬ್ರವರಿ ೨, ಭಾನುವಾರ

ಬಟ್ಟೆ ಒಗೆದೆ. ಅಣ್ಣ ಫೋನ್ ಮಾಡಿದ್ದ. ಊಟ ಆಯ್ತಾ ಅಂದ. ಆಯ್ತು ಅಂದೆ. ಆಗಿರಲಿಲ್ಲ.

ಫೆಬ್ರವರಿ ೧೦, ಸೋಮವಾರ

ನಿನ್ನೆ ಮಧ್ಯಾಹ್ನ ಪ್ರಸಾರವಾದ ಕಪ್ಪುಬಿಳುಪು ಚಿತ್ರದ ಬಗ್ಗೆ ಒಬ್ಬ ಹೆಂಗಸು ಫೋನ್ ಮಾಡಿ, ಅದನ್ನು ಕತ್ತರಿಸಿದವರಿಗೇ ಕೊಡಿ ಅಂತ ಹಟ ಹಿಡಿದರಂತೆ. ರಿಸೆಪ್ಷನ್ನಿನವಳು ನಗುತ್ತ ನನ್ನ ಕೋಣೆಗೆ ಕೊಟ್ಟಳು. ವಯಸ್ಸಾದ ದನಿ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ.

"ಮೆಟ್ಟಿಲ ಮೇಲಿನ ಹಾಡು ಇದೆಯಲ್ಲ, ಅದರಲ್ಲಿ ಕೆಳಗೆ ಐದು ಜನ ಹುಡುಗೀರು ಇರಬೇಕು. ಎಲ್ಲಿ ಹೋದ್ರು?"

ಪರದೆ ತುಂಬಿಸುವುದಕ್ಕೆ ಸ್ವಲ್ಪ ಕತ್ತರಿಸಬೇಕಾಗುತ್ತದೆ ಅಂದೆ.

"ಆ ಸ್ವಲ್ಪದಲ್ಲೇ ನಾನಿದ್ದೆ" ಅಂದರು.

ಕ್ಷಮಿಸಿ ಅಂದೆ. ಅವರು ಫೋನ್ ಇಟ್ಟರು. ಆಮೇಲೆ ಆ ಹಾಡನ್ನು ತೆಗೆದು ನೋಡಿದೆ. ನಾಯಕಿ ದೊಡ್ಡ ಮೆಟ್ಟಿಲಿನ ಮೇಲಿಂದ ಇಳಿದು ಬರುತ್ತಾಳೆ. ಅವಳ ತಲೆಯ ಕಿರೀಟ ಉಳಿಸುವುದಕ್ಕೆ ನಾನು ಹಾಡು ಪೂರ್ತಿ ಕೆಳಗಿನದನ್ನು ತೆಗೆದಿದ್ದೆ. ಪರದೆಯ ಬುಡದಿಂದ ಹತ್ತು ಕೈಗಳು ಮಾತ್ರ ಮೇಲೇಳುತ್ತವೆ, ಮುಳುಗುತ್ತವೆ, ನೀರಿಗೆ ಬಿದ್ದವರ ಹಾಗೆ. ಕತ್ತರಿಸುವಾಗ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಫೆಬ್ರವರಿ ೧೩, ಗುರುವಾರ

ಅವರು ದಿನಾ ಫೋನ್ ಮಾಡುತ್ತಿದ್ದಾರೆ. ಆಫೀಸಿನಲ್ಲಿ ಅವರಿಗೆ ಮೆಟ್ಟಿಲಮ್ಮ ಅಂತ ಹೆಸರು ಬಿದ್ದಿದೆ. ಮೆಟ್ಟಿಲಮ್ಮ ಲೈನಿನಲ್ಲಿದ್ದಾರೆ ಅಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಬಾಸ್ ಕೆಟ್ಟವರಲ್ಲ, ಆದರೆ ಅವರಿಗೆ ನೂರೆಂಟು ತಲೆನೋವು. ನೀವೇ ಏನಾದರೂ ಹೇಳಿ ಸಮಾಧಾನ ಮಾಡಿ ಅಂದರು.

ಏನೂ ಹೇಳಬೇಕಾಗಿ ಬರಲಿಲ್ಲ. ಅವರೇ, ಭಾನುವಾರ ಮನೆಗೆ ಬನ್ನಿ, ಫೋನಿನಲ್ಲಿ ನಿಮ್ಮ ಮುಖ ಕಾಣಲ್ಲ ಅಂದರು. ಬರುತ್ತೇನೆ ಅಂದುಬಿಟ್ಟೆ. ಭಾನುವಾರ ಬೇರೆ ಏನೂ ಇರಲಿಲ್ಲ.

ಫೆಬ್ರವರಿ ೧೬, ಭಾನುವಾರ

ಹೋಗಿ ಬಂದೆ. ಮೂರನೇ ಮಹಡಿ, ಲಿಫ್ಟಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಕಡ್ಡಿಯ ಹಾಗೆ ನೆಟ್ಟಗೆ ನಿಂತು ಬಾಗಿಲು ತೆಗೆದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕತ್ತರಿ ಹಿಡಿದವರು ಅಂದ್ರೆ ಇನ್ನೂ ಜೋರಾಗಿರ್ತಾರೆ ಅನ್ಕೊಂಡಿದ್ದೆ" ಅಂದರು.

ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಟೀ ಕೊಟ್ಟು, ಚಿತ್ರ ಬಂದ ದಿನ ನಡೆದದ್ದು ಹೇಳಿದರು. ಹದಿನೆಂಟನೇ ವಯಸ್ಸಿನಿಂದ ಐದಾರು ವರ್ಷ ಸಿನಿಮಾಗಳಲ್ಲಿ ಗುಂಪಿನಲ್ಲಿ ಕುಣಿದವರು, ಆಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈ ಕಟ್ಟಡದಲ್ಲಿ ಯಾರಿಗೂ ಕುಣಿತದ ವಿಷಯ ಹೇಳಿರಲಿಲ್ಲವಂತೆ. ಚಿತ್ರ ಬರುತ್ತದೆ ಅಂತ ಗೊತ್ತಾದಾಗ ಮೊದಲ ಸಲ ಹೇಳಿಕೊಂಡರು. ಎದುರು ಮನೆಯ ಮೇಷ್ಟ್ರು, ಅವರ ಹೆಂಡತಿ, ಪಕ್ಕದ ಮನೆಯ ಟೈಲರಮ್ಮ, ಅವಳ ಮಕ್ಕಳು, ಕೆಳಗಿನ ಮಹಡಿಯವರು, ಎಲ್ಲರೂ ತಂತಮ್ಮ ಕುರ್ಚಿ ತಂದು ಇದೇ ಕೋಣೆಯಲ್ಲಿ ಕೂತರು. ಹಾಡು ಬಂತು. ಹೋಯಿತು.

"ಯಾರೂ ಏನೂ ಕೇಳಲಿಲ್ಲ. ಎಲ್ಲರೂ, ನೋಡಿದ್ವಿ, ತುಂಬ ಚೆನ್ನಾಗಿ ಮಾಡಿದೀರಿ ಅಂದ್ರು. ಅದೇ ನೋಡಿ ಸಂಕಟ. ನೀವಿಲ್ಲವಲ್ಲ ಅಂದಿದ್ರೆ ಜಗಳನಾದ್ರೂ ಆಡಬಹುದಿತ್ತು."

ಈಗ ಮೆಟ್ಟಿಲಲ್ಲಿ ಎದುರಾದರೆ ಮೇಷ್ಟ್ರು ಮಗುವನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಾರಂತೆ. ವಯಸ್ಸಾದವರು, ಒಬ್ಬರೇ ಇದ್ದು ಇದ್ದು ಏನೇನೋ ಅಂದುಕೊಳ್ಳುತ್ತಾರೆ ಅನ್ನುವ ಹಾಗೆ.

ಒಳಕೋಣೆಯಲ್ಲಿ ಎರಡು ಮಂಚ ಕಂಡವು. ಕಿಟಕಿಯ ಪಕ್ಕದ್ದರ ಮೇಲೆ ಹೊದಿಕೆ ಮಡಚಿಟ್ಟಿತ್ತು. ನಾನು ಆ ಕಡೆ ನೋಡಿದ್ದು ಕಂಡು, "ನನ್ನ ಜೊತೆ ಇದ್ದವಳದು. ಹೋದ ವರ್ಷ ಹೋದಳು" ಅಂದರು. ಮರುಕ್ಷಣ, ಟೀ ತಣ್ಣಗಾಯ್ತು, ಕುಡೀರಿ ಅಂದರು. ನಿಮ್ಮನೇಲಿ ಯಾರ್ಯಾರಿದೀರಿ ಅಂತ ಕೇಳಿದರು. ನಾನೇ ಅಂದೆ.

ಬರುವಾಗ ಒಂದು ಪೊಟ್ಟಣ ಬಿಸ್ಕತ್ತು ಕೈಗೆ ತುರುಕಿದರು. ಬಸ್ಸಿನಲ್ಲೇ ಅರ್ಧ ಖಾಲಿ ಮಾಡಿದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ ಅಂತ ಆಗ ನೆನಪಾಯಿತು.

ಫೆಬ್ರವರಿ ೧೭, ಸೋಮವಾರ

ಕತ್ತರಿಸದ ಮೂಲ ಪ್ರತಿ ನಮ್ಮ ಸಂಗ್ರಹದಲ್ಲೇ ಇದೆ. ಊಟದ ಹೊತ್ತಿನಲ್ಲಿ ಹುಡುಕಿ ನೋಡಿದೆ. ಮೆಟ್ಟಿಲ ಬುಡದಲ್ಲಿ ಐದು ಜನ ಹುಡುಗಿಯರು, ನೆಲದ ಮೇಲೆ ಕೂತವರು ಹಾಡಿಗೆ ಸರಿಯಾಗಿ ಏಳುತ್ತಾರೆ, ತಿರುಗುತ್ತಾರೆ, ಮತ್ತೆ ಕೂರುತ್ತಾರೆ. ಇವರಲ್ಲಿ ಅವರು ಯಾರು ಅಂತ ಗುರುತು ಸಿಗಲಿಲ್ಲ. ಆದರೆ ಐದೂ ಮುಖ ಸ್ಪಷ್ಟವಾಗಿವೆ.

ಸಂತೋಷದಲ್ಲಿ ನಾನೇ ಅವರಿಗೆ ಫೋನ್ ಮಾಡಿದೆ. ಪೆನ್ ಡ್ರೈವಿನಲ್ಲಿ ಹಾಕಿ ತಂದುಕೊಡುತ್ತೇನೆ, ನಿಮ್ಮ ಟೀವಿಗೇ ಚುಚ್ಚಿ ಎಲ್ಲರಿಗೂ ತೋರಿಸಬಹುದು ಅಂದೆ.

"ಬೇಡ" ಅಂದರು. "ಮೇಷ್ಟ್ರಿಗೆ ಕಂಪ್ಯೂಟರ್ ವಿದ್ಯೆ ಎಲ್ಲ ಗೊತ್ತು. ಆ ಚಾನೆಲ್ ಹುಡುಗಿ ಪಾಪ ಈ ಮುದುಕೀನ ಒಳಗೆ ಸೇರಿಸಿ ತಂದಿದಾಳೆ ಅಂತಾರೆ. ಟೀವಿಲಿ ಬರಬೇಕು. ಎಲ್ಲರ ಮನೇಲೂ ಬರೋ ಹಾಗೆ ಬರಬೇಕು."

ನಲವತ್ತೊಂಬತ್ತಕ್ಕೆ ಹುಡುಗಿ ಅನ್ನಿಸಿಕೊಂಡೆ.

ಫೆಬ್ರವರಿ ೨೦, ಗುರುವಾರ

ಇವತ್ತು ಬಾಸ್ ಹತ್ತಿರ ಕೇಳಿದೆ. ಇಷ್ಟು ವರ್ಷದಲ್ಲಿ ರಜೆ ಬಿಟ್ಟು ಬೇರೇನನ್ನೂ ನಾನಾಗಿ ಕೇಳಿದವಳಲ್ಲ. ಆ ಚಿತ್ರದ ಮರುಪ್ರಸಾರ ಮಾರ್ಚ್ ಒಂಬತ್ತಕ್ಕಿದೆ, ಅದೊಂದು ಸಲ ಕತ್ತರಿಸದೆ, ಇದ್ದ ಹಾಗೆ ಹಾಕೋಣ ಅಂದೆ. ಅವರು ಕಪ್ಪು ಪಟ್ಟಿಯ ಮಾತೆತ್ತಿದರು. ಜನ ಚಾನೆಲ್ ಬದಲಾಯಿಸುತ್ತಾರೆ, ಮೇಲಿನವರು ನನ್ನ ಜೀವ ತಿನ್ನುತ್ತಾರೆ, ಒಬ್ಬ ಅಜ್ಜಿಗೋಸ್ಕರ ಇದೆಲ್ಲ ಯಾಕೆ ಅಂದರು.

ಸಾಮಾನ್ಯವಾಗಿ ಇಷ್ಟು ಹೇಳಿದರೆ ನಾನು ಆಯ್ತು ಸರ್ ಅಂತ ಎದ್ದು ಬರುತ್ತೇನೆ. ಇವತ್ತು ಏಳಲಿಲ್ಲ. ಯಾಕೋ ಕಾಲೇ ಬರಲಿಲ್ಲ.

"ಸರ್, ಅದು ಐದು ಜನ ನಿಜವಾಗಿ ಮಾಡಿದ ಕೆಲಸ" ಅಂದೆ. "ನಾವು ಇಲ್ಲ ಅನ್ನಿಸಿಬಿಟ್ಟಿದೀವಿ. ದೂರು ಬಂದ್ರೆ ಎಲ್ಲ ಫೋನೂ ನಾನೇ ಎತ್ತುತ್ತೀನಿ."

ಬಾಸ್ ಕನ್ನಡಕ ತೆಗೆದು ಒರೆಸಿದರು. ಎಲ್ಲ ಫೋನೂ ಅಂದರೆ ಎಲ್ಲ ಫೋನೂ ಅಂದರು. ಹ್ಞೂಂ ಅಂದೆ. ಹೊರಗೆ ಬಂದ ಮೇಲೆ ಎರಡು ಲೋಟ ನೀರು ಕುಡಿದೆ.

ಫೆಬ್ರವರಿ ೨೮, ಶುಕ್ರವಾರ

ಸುಮಾರು ದಿನ ಬರೆಯಲಿಲ್ಲ. ಸಂಜೆ ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಮೆಟ್ಟಿಲಮ್ಮನ ಫೋನ್ ಬರುತ್ತದೆ. ಮೊದಲು ಪ್ರಸಾರದ ತಾರೀಖು ಬದಲಾಗಿಲ್ಲ ತಾನೇ ಅಂತ ಕೇಳುತ್ತಾರೆ, ಆಮೇಲೆ ಎಲ್ಲೆಲ್ಲಿಗೋ ಹೋಗುತ್ತದೆ ಮಾತು. ಕುಣಿಯುವವರಿಗೆ ಊಟ ಕೊಡುವಾಗ ನಾಯಕಿಯ ನಾಯಿಗೆ ಮೊದಲು ಕೊಡುತ್ತಿದ್ದರಂತೆ. ಆ ನಾಯಿ ಇವರ ಹತ್ತಿರ ಬಂದು ಮಲಗುತ್ತಿತ್ತಂತೆ. ನಗು ತಡೆಯಲಾಗಲಿಲ್ಲ.

ನಿನ್ನೆ ಕೇಳಿದರು: "ಧ್ವನಿ ಯಾಕೆ ಹೀಗಿದೆ, ಊಟ ಮಾಡಿದ್ಯಾ ಇಲ್ವಾ ನೀನು?" ಇಲ್ಲ ಅಂದೆ. ಫೋನ್ ಇಡು, ಒಲೆ ಹಚ್ಚು, ಆಮೇಲೆ ಮಾಡು ಅಂದರು. ಅಡುಗೆ ಮಾಡಿ ಉಂಡು ವಾಪಸ್ ಫೋನ್ ಮಾಡಿದೆ. ಏನು ಮಾಡಿದೆ, ಉಪ್ಪು ಸರಿ ಇತ್ತಾ ಅಂತೆಲ್ಲ ವಿಚಾರಣೆಯಾಯಿತು.

ನೆರೆಯವರನ್ನು ಮತ್ತೆ ಕರೆಯುವುದಕ್ಕೆ ಅವರಿಗೆ ನಾಚಿಕೆ. ನೀನೇ ಬಂದು ಕರಿ, ಚಾನೆಲ್ಲಿನವರು ಕರೆದರೆ ಬರುತ್ತಾರೆ ಅಂದಿದ್ದಾರೆ.

ಮಾರ್ಚ್ ೯, ಭಾನುವಾರ

ಇವತ್ತಿನದು ಮರೆಯುವ ಮೊದಲು ಬರೆಯಬೇಕು.

ಚಿತ್ರ ಶುರುವಾಗುವ ಮೊದಲೇ ಹೋಗಿ ಬಾಗಿಲು ಬಾಗಿಲು ತಟ್ಟಿದೆ. ಕಳೆದ ಸಲ ತಪ್ಪು ನಮ್ಮದು, ಚಿತ್ರ ಕತ್ತರಿಸಿ ಹಾಕಿದ್ದೆವು, ಕತ್ತರಿಸಿದವಳು ನಾನೇ ಅಂದೆ. ಟೈಲರಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು. ಮೇಷ್ಟ್ರು ಮುಖ ಸ್ವಲ್ಪ ಸಪ್ಪಗೆ ಮಾಡಿಕೊಂಡು, ಓಹೋ, ಹಾಗಾ ಅಂದರು. ಬರುವುದಂತೂ ಬಂದರು. ಹೋದ ಸಲದಷ್ಟು ಜನ ಇರಲಿಲ್ಲ. ಮಕ್ಕಳು ನೆಲದ ಮೇಲೆ ಕೂತರು.

ಮೆಟ್ಟಿಲಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಎಲ್ಲರಿಗಿಂತ ಹಿಂದೆ ಕುರ್ಚಿ ಹಾಕಿಕೊಂಡಿದ್ದರು. ಮುಂದೆ ಬನ್ನಿ ಅಂದರೆ ಬೇಡ ಅಂದರು.

ಚಿತ್ರ ಶುರುವಾಯಿತು. ಕಪ್ಪು ಪಟ್ಟಿಗಳ ನಡುವೆ ಪೂರ್ತಿ ಚೌಕಟ್ಟು ಬಂದದ್ದು ನೋಡಿ ನನಗೆ ನೆಮ್ಮದಿಯಾಯಿತು. ಎಲ್ಲರಿಗೂ ಟೀ ಮಾಡೋಣ ಅಂತ ಅಡುಗೆಮನೆಗೆ ಹೋದೆ. ಸಕ್ಕರೆ ಡಬ್ಬಿ ಹುಡುಕುತ್ತಿದ್ದಾಗ ಹಾಡಿನ ಮೊದಲ ವಾದ್ಯ ಕೇಳಿಸಿತು. ಓಡಿ ಬಂದು ನೋಡುತ್ತೇನೆ, ಪರದೆ ತುಂಬ ಚಿತ್ರ. ಪಟ್ಟಿ ಇಲ್ಲ. ನಾಯಕಿಯ ಕಿರೀಟವೂ ಅರ್ಧ ಹೋಗಿದೆ, ಮೆಟ್ಟಿಲ ಬುಡವೂ ಹೋಗಿದೆ. ಚಿತ್ರ ಸಣ್ಣದಾಗಿ ಬರುತ್ತಿತ್ತು, ನಾನೇ ಸರಿ ಮಾಡಿದೆ ಅಂದರು ಮೇಷ್ಟ್ರು. ರಿಮೋಟು ಅವರ ತೊಡೆಯ ಮೇಲಿತ್ತು.

ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ರಿಮೋಟು ಕಸಿದುಕೊಂಡೆ. ಅದರ ಗುಂಡಿಗಳೆಲ್ಲ ಉಜ್ಜಿ ಅಕ್ಷರವೇ ಕಾಣುತ್ತಿರಲಿಲ್ಲ. ಒಂದು ಒತ್ತಿದರೆ ದನಿ ಹೋಯಿತು, ಇನ್ನೊಂದು ಒತ್ತಿದರೆ ಎಲ್ಲರೂ ಅಡ್ಡಕ್ಕೆ ಊದಿಕೊಂಡರು. ಮೇಷ್ಟ್ರು, ಹಾಗಲ್ಲ, ಕೊಡಿ ಇಲ್ಲಿ ಅಂತ ಕೈ ಚಾಚಿದರು.

"ಸ್ವಲ್ಪ ಸುಮ್ಮನಿರಿ ಮೇಷ್ಟ್ರೇ" ಅಂದೆ. ನನ್ನ ದನಿ ಅಷ್ಟು ಜೋರಿದೆ ಅಂತ ನನಗೇ ಗೊತ್ತಿರಲಿಲ್ಲ.

ಇನ್ನೊಂದು ಸಲ ಒತ್ತಿದೆ. ಚಿತ್ರ ತನ್ನ ಅಳತೆಗೆ ಬಂತು. ಕೆಳಗೆ ಐವರು ಇದ್ದರು. ಎದ್ದರು, ತಿರುಗಿದರು.

ಟೈಲರಮ್ಮ ಮೊದಲು ಗುರುತು ಹಿಡಿದಳು. "ಅಗೋ, ಬಲಗಡೆ ಕೊನೇಲಿ. ಅದೇ ಗಲ್ಲ, ಅದೇ ನಿಲ್ಲೋ ರೀತಿ. ಹೌದಲ್ವಾ ಅಮ್ಮ?" ಮಕ್ಕಳು ಪರದೆಯನ್ನೊಮ್ಮೆ ಅವರನ್ನೊಮ್ಮೆ ನೋಡಿದರು. ಮೇಷ್ಟ್ರು ಎದ್ದು ನಿಂತುಬಿಟ್ಟಿದ್ದರು. ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡೂ ಕೈ ಜೋಡಿಸಿದರು.

ಇಷ್ಟಕ್ಕೆ ಮೆಟ್ಟಿಲಮ್ಮ ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಅವರು ಹಿಂದಿನಿಂದ ಎದ್ದು, ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು ಪರದೆಯ ಹತ್ತಿರ ಬಂದರು. ತಮ್ಮ ಕಡೆ ನೋಡಲೇ ಇಲ್ಲ. ಪಕ್ಕದ ಹುಡುಗಿಯ ಮೇಲೆ ಬೆರಳಿಟ್ಟರು. ಆ ಹುಡುಗಿ ಕುಣಿಯುತ್ತಲೇ ಪಕ್ಕಕ್ಕೆ ತಿರುಗಿ ನಗುತ್ತಿದ್ದಳು. ಅಂಥ ನಗು ಕಂಡರೆ ಯಾರಿಗಾದರೂ ನಗು ಬರಬೇಕು.

"ಇವಳು ಯಾರು ಗೊತ್ತಾಯ್ತಾ?" ಅಂದರು. "ಕಿಟಕಿ ಹತ್ರ ಕೂತಿರ್ತಿದ್ದಳಲ್ಲ, ಅವಳೇ. ನಿಮ್ಮ ಮಕ್ಕಳು ಹೆದರಿಕೊಂಡು ಕೆಳಗಿನಿಂದ ಓಡಿಹೋಗ್ತಿದ್ರಲ್ಲ, ಅವಳೇ ಇವಳು."

ಆಮೇಲೆ ತಿಳಿಯಿತು. ಅವರ ಗೆಳತಿಗೆ ಮೂವತ್ತರಲ್ಲಿ ಒಂದು ಬೆಳಗ್ಗೆ ಮುಖದ ಒಂದು ಬದಿ ಬಿದ್ದುಹೋಯಿತಂತೆ. ಬಾಯಿ ಸೊಟ್ಟಗಾಯಿತು, ಒಂದು ಕಣ್ಣು ಮುಚ್ಚುತ್ತಿರಲಿಲ್ಲ. ಔಷಧಿಗೆ ಬಗ್ಗಲಿಲ್ಲ. ಅವಳು ತನ್ನ ಫೋಟೋ ಒಂದನ್ನೂ ಬಿಡದೆ ಹರಿದುಹಾಕಿದಳು. ಹೊರಗೆ ಹೋಗುವುದು ಬಿಟ್ಟಳು. ನಲವತ್ತು ವರ್ಷಕ್ಕೂ ಮಿಗಿಲಾಗಿ ಇಬ್ಬರೂ ಇದೇ ಮನೆಯಲ್ಲಿ ಇದ್ದರು. ಒಬ್ಬಳು ದುಡಿದು ತಂದಳು, ಇನ್ನೊಬ್ಬಳು ಅಡುಗೆ ಮಾಡಿ ಕಿಟಕಿಯಲ್ಲಿ ಕಾಯುತ್ತ ಕೂತಳು.

"ನಾನಿದ್ದದ್ದು ನನಗೆ ಗೊತ್ತು. ಅದನ್ನ ಯಾರೂ ನಂಬಬೇಕಾಗಿಲ್ಲ" ಅಂದರು ಮೆಟ್ಟಿಲಮ್ಮ. "ಇವಳ ಮುಖ ಹೀಗಿತ್ತು ಅಂತ ಒಬ್ಬರಾದ್ರೂ ನೋಡಲಿ ಅಂತ ಇತ್ತು ನನಗೆ."

ಹಾಡು ಯಾವಾಗಲೋ ಮುಗಿದು ಪರದೆಯ ಮೇಲೆ ಯಾರೋ ಇಬ್ಬರು ಗಂಡಸರು ವಾದ ಮಾಡುತ್ತಿದ್ದರು. ಟೈಲರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವಳ ದೊಡ್ಡ ಮಗಳು, ಹನ್ನೆರಡರವಳಿರಬೇಕು, ಮೆಲ್ಲಗೆ ಹತ್ತಿರ ಬಂದು ಕೇಳಿದಳು: "ಅಜ್ಜಿ, ಅವರು ಅಷ್ಟೊಂದು ನಗ್ತಿದ್ದದ್ದು ಯಾಕೆ?"

ಮೆಟ್ಟಿಲಮ್ಮ ಅವಳ ತಲೆ ಸವರಿದರು. "ನಾನು ಹೆಜ್ಜೆ ತಪ್ಪಿದ್ದೆ ಕಣೇ. ಯಾರೂ ನೋಡಲಿಲ್ಲ, ಅವಳೊಬ್ಬಳು ನೋಡಿದಳು."

ಟೀ ಒಲೆಯ ಮೇಲೆ ಕುದ್ದು ಕುದ್ದು ಕಷಾಯವಾಗಿತ್ತು. ಮೇಷ್ಟ್ರ ಹೆಂಡತಿ ಬೇರೆ ಮಾಡಿ ತಂದರು. ಒಬ್ಬೊಬ್ಬರೇ ಎದ್ದು ಹೋದರು. ನಾನು ಲೋಟ ತೊಳೆದು ಹೊರಡುವವಳಿದ್ದೆ.

"ಕೂತ್ಕೋ" ಅಂದರು. ಕೂತೆ. ನಿಮ್ಮಮ್ಮ ಹೇಗಿದ್ರು ಅಂತ ಕೇಳಿದರು. ಅಮ್ಮ ಹೋದ ವಿಷಯ ನಾನು ಅವರಿಗೆ ಹೇಳಿದ್ದೇ ನೆನಪಿಲ್ಲ. ಹೇಳಿರಬೇಕು, ಫೋನಿನಲ್ಲಿ ಯಾವಾಗಲೋ. ಹೇಗಿದ್ದರು ಅಂದರೆ ಏನು ಹೇಳುವುದು. ಎತ್ತರ ಕಮ್ಮಿ, ಕೋಪ ಜಾಸ್ತಿ, ಹಟಮಾರಿ ಅಂದೆ. ಏನಕ್ಕೆ ಹಟ ಮಾಡೋರು ಅಂದರು. ಟೀವಿ ಚಿತ್ರ ಎಳೆಯುವ ಹಟದಿಂದ ಶುರುಮಾಡಿ ಒಂದೊಂದೇ ಹೇಳಿದೆ. ಎದ್ದು ನಿಂತಾಗ ಕಿಟಕಿಯಾಚೆ ಬೀದಿದೀಪ ಹತ್ತಿತ್ತು.

ಮಾರ್ಚ್ ೧೦, ಸೋಮವಾರ

ಬೆಳಗ್ಗೆ ಎದ್ದರೆ ಗಂಟಲು ಕಟ್ಟಿದೆ. ದನಿಯೇ ಹೊರಡುತ್ತಿಲ್ಲ. ಬಾಸ್ ನಕ್ಕು, ಅಷ್ಟೊಂದು ದೂರು ಬಂತಾ ಅಂದರು. ಬಂದದ್ದು ಎರಡೇ ಫೋನು, ಅದರಲ್ಲೊಂದು ರಾಂಗ್ ನಂಬರ್. ನಿನ್ನೆ ಬಿಸಿಲಿನಲ್ಲಿ ನಡೆದು ಹೋಗಿದ್ದೆನಲ್ಲ, ಗಂಟಲು ಕಟ್ಟಿದ್ದು ಅದಕ್ಕಿರಬೇಕು.